ತಂಬೂರಿಯ ಜೀವಾಳ

ಕಡಕೋಳ ಮಡಿವಾಳಪ್ಪನವರ ತತ್ತ್ವಪದಗಳು ಇಂದಿಗೂ ಕೇಳಿಬರುವ ಆಳಂದ, ಅಫಜಲಪುರ, ಜೇವರ್ಗಿಗಳ ಸೀಮೆಯಲ್ಲಿ ಏಕತಾರಿ ಪರಿಚಿತವಾದ ವಾದ್ಯ. ಅದರ ಒಂಟಿ ತಂತಿ ಹಾಡುಗಾರನ ಕೊರಳಿಗೆ ಶ್ರುತಿಯ ಆಸರೆ ನೀಡುತ್ತದೆ. ಶಾಸ್ತ್ರೀಯ ಸಂಗೀತದಲ್ಲಿ ಇದೇ ಕಾರ್ಯವನ್ನು ಮಾಡುವ ವಾದ್ಯವೇ ತಂಬೂರಿ. ಇಂದು ಮೊಬೈಲಿನ ತಂತ್ರಾಂಶವೊಂದು ಬೆರಳು ತಾಗಿದ ಕ್ಷಣವೇ ತಂಬೂರಿಯ ನಾದವನ್ನು ಹೊಮ್ಮಿಸುತ್ತದೆ. ಆದರೂ ಅನೇಕ ಗಾಯಕರು ಹಳೆಯ ತಂಬೂರಿಯನ್ನು ಕೈಬಿಟ್ಟಿಲ್ಲ. ಇದಕ್ಕೆ ಕಾರಣವೇನು?

ಅಫಜಲಪುರದ ಕಡೆಗೆ ಹರಿದುಬರುವ ಭೀಮಾ ನದಿಯ ಮೇಲ್ದಂಡೆಯಲ್ಲಿ ಪಂಢರಪುರವಿದೆ. ಅದರ ಸುತ್ತಣ ಹೊಲಗಳಲ್ಲಿ ಬೆಳೆದ ದೊಡ್ಡ ಸೋರೆಬುರುಡೆಗಳು ಒಣಗಿದ ಬಳಿಕ ಮೀರಜ ಪಟ್ಟಣವನ್ನು ಸೇರಿ ತಂಬೂರಿಗಳಾಗುತ್ತವೆ. ಅಲ್ಲಿನ ವಾದ್ಯ ತಯಾರಕರ ಪೂರ್ವಿಕರು ಆಯುಧಗಳಿಗೆ ಸಾಣೆ ಹಿಡಿಯುತ್ತಿದ್ದ ಶಿಕಲಗಾರರು. 19ನೆಯ ಶತಮಾನದಲ್ಲಿ ಆ ಕಸುಬು ಕುಂದಿದಾಗ ಫರೀದ ಸಾಹೇಬರು ಮೊದಲಾದವರು ವಾದ್ಯಗಳ ಕಡೆಗೆ ತಿರುಗಿದರು. ಕತ್ತಿಯನ್ನು ಹರಿತಗೊಳಿಸಿದ ಕೈಗಳು ನಾದವನ್ನು ಹದಗೊಳಿಸತೊಡಗಿದವು. 2024ರಲ್ಲಿ ಮೀರಜದ ತಂಬೂರಿಗೆ ಭೌಗೋಳಿಕ ಸೂಚಿಯ ಮಾನ್ಯತೆ ದೊರೆಯಿತು.

ತಂಬೂರಿಗೆ ಸಾಮಾನ್ಯವಾಗಿ ನಾಲ್ಕು ತಂತಿಗಳು. ಮೊದಲನೆಯದು ಪಂಚಮ, ನಡುವಿನ ಎರಡು ಷಡ್ಜ, ಕೊನೆಯದು ಮಂದ್ರ ಷಡ್ಜ. ಇವುಗಳನ್ನು ಹೊತ್ತ ಕುದುರೆಯ ಮೈ ಸಮತಟ್ಟಾಗಿರದೆ ನವಿರಾಗಿ ಬಾಗಿರುತ್ತದೆ. ತಂತಿಗೂ ಕುದುರೆಗೂ ನಡುವೆ ಒಂದು ತೆಳುವಾದ ದಾರವನ್ನು ಇಟ್ಟು, ಅದನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸಿದಾಗ ಒಂದು ನೆಲೆಯಲ್ಲಿ ನಾದ ತಟ್ಟನೆ ಅರಳುತ್ತದೆ. ಇದೇ ತಂಬೂರಿಯ ಜೀವಾಳ. ಆಗ ಮಂದ್ರ ಷಡ್ಜದ ತಂತಿಯೊಳಗಿಂದ, ಯಾರೂ ಮೀಟದ ಗಾಂಧಾರವೂ ಕೇಳಿಸುತ್ತದೆ. ವಿಜ್ಞಾನಿ ಸಿ. ವಿ. ರಾಮನ್ ಅವರು ಇದರ ರಹಸ್ಯವನ್ನು ಪರಿಶೀಲಿಸಿ 1921ರಲ್ಲಿ ಪ್ರಬಂಧವೊಂದನ್ನು ಪ್ರಕಟಿಸಿದರು. ತಂತಿಯನ್ನು ಮೀಟಿದ ಸ್ಥಾನದಿಂದಾಗಿ ಹುಟ್ಟಲಾರವೆಂದು ಹಳೆಯ ನಿಯಮ ಹೇಳುತ್ತಿದ್ದ ಸ್ವರಾಂಶಗಳು ಕೂಡ ತಂಬೂರಿಯಲ್ಲಿ ಸ್ಪಷ್ಟವಾಗಿ ಹೊಮ್ಮುತ್ತವೆಂದು ಅವರು ತೋರಿಸಿದರು.

1970ರ ದಶಕದಲ್ಲಿ ಬೆಂಗಳೂರಿನ ಜಿ. ರಾಜ್ ನಾರಾಯಣ ಅವರು ವಿದ್ಯುನ್ಮಾನ ಶ್ರುತಿಯಂತ್ರವನ್ನು ರೂಪಿಸಿದರು. ಅದರ ಉಪಕಾರ ಸಣ್ಣದಲ್ಲ. ಪ್ರಯಾಣದಲ್ಲಿ ಬುರುಡೆ ಒಡೆಯುವ ಭಯವಿಲ್ಲ. ಮೀಟಲು ಮತ್ತೊಬ್ಬರು ಬೇಕಿಲ್ಲ. ತಂಬೂರಿ ಕೊಳ್ಳಲಾರದ ಬಡ ವಿದ್ಯಾರ್ಥಿಗೂ ಶ್ರುತಿ ದೊರೆಯಿತು. ಮುಂದೆ ಬಂದ ತಂತ್ರಾಂಶವು ಅದನ್ನು ಇನ್ನಷ್ಟು ಸುಲಭಗೊಳಿಸಿತು.

ಆದರೆ ಸುಲಭವಾದುದರಲ್ಲಿ ಒಂದು ನಷ್ಟವೂ ಉಂಟು. ಯಂತ್ರವು ಸಿದ್ಧವಾದ ಶ್ರುತಿಯನ್ನು ಕೊಡುತ್ತದೆ; ತಂಬೂರಿಯು ಶ್ರುತಿಯನ್ನು ಹುಡುಕಲು ಹೇಳುತ್ತದೆ. ಬಿಸಿಲೇರಿದರೆ ತಂತಿ ಸಡಿಲುತ್ತದೆ. ಮಳೆಗಾಲದ ತೇವಕ್ಕೆ ಮರ ಬದಲಾಗುತ್ತದೆ. ಪ್ರತಿದಿನವೂ ಬಿರಡೆಯನ್ನು ತಿರುವಿ, ಮಣಿಯನ್ನು ಸರಿಸಿ, ದಾರವನ್ನು ಹದಕ್ಕೆ ತರಬೇಕು. ಹಾಗೆ ಮಾಡುವಾಗ ಕಿವಿ ತಾನಾಗಿಯೇ ಸೂಕ್ಷ್ಮವಾಗುತ್ತದೆ. ಶ್ರುತಿ ಕೂಡಿಸುವುದು ಪಾಠಕ್ಕೆ ಮುಂಚಿನ ಸಿದ್ಧತೆಯಲ್ಲ. ಅದೇ ಮೊದಲ ಪಾಠ.

ಹೊಸದನ್ನು ಹಳಿಯಬೇಕಾಗಿಲ್ಲ. ಅದು ಕೈಯ ಶ್ರಮವನ್ನು ಉಳಿಸಲಿ. ಆದರೆ ಕಿವಿಯ ಶ್ರಮವನ್ನೂ ಅದಕ್ಕೇ ಒಪ್ಪಿಸಿಬಿಟ್ಟರೆ, ಶ್ರುತಿ ಯಂತ್ರದಲ್ಲಿ ಉಳಿದೀತು, ಹಾಡುವವನಲ್ಲಿ ಉಳಿಯಲಾರದು.