ಎರಡು ಹಿತ್ತಿಲುಗಳ ನಡುವಣ ಮರದ ತಡೆಗೋಡೆ

ರಾಯದುರ್ಗದ ಕೋಟೆಬೆಟ್ಟದ ಬುಡದಲ್ಲಿಯೂ ಮಡಕಶಿರದ ಬೆಟ್ಟದ ಮಗ್ಗುಲಲ್ಲಿಯೂ ಇಳಿಜಾರಿನ ಮೇಲೆ ಮನೆ ಕಟ್ಟಿಕೊಂಡವರಿಗೆ ಒಂದು ಸಂಗತಿ ಚೆನ್ನಾಗಿ ತಿಳಿದಿದೆ. ಮೇಲಿನವರ ಹಿತ್ತಿಲು ಕೆಳಗಿನವರ ಅಂಗಳಕ್ಕಿಂತ ಎದೆಯುದ್ದ ಎತ್ತರದಲ್ಲಿರುವುದುಂಟು. ಆ ಮಣ್ಣು ಜಾರಿ ಕೆಳಗೆ ಬೀಳದಂತೆ ನಿಲ್ಲಿಸುವುದೇ ತಡೆಗೋಡೆಯ ಕೆಲಸ. ನಮ್ಮದು ಕಲ್ಲಿನ ಸೀಮೆಯಾದುದರಿಂದ ಇಂಥ ಗೋಡೆಗಳು ಬಹುಮಟ್ಟಿಗೆ ಕಲ್ಲಿನವೇ. ಆದರೆ ಕೈಯಲ್ಲಿ ಹಣ ಸಾಲದಾಗ, ಅಥವಾ ಮಳೆ ತಲೆಯ ಮೇಲೆ ಬಂದಾಗ, ಜಾಲಿಯ ಇಲ್ಲವೆ ಬೇವಿನ ಕಂಬಗಳನ್ನು ನೆಟ್ಟು, ಅವುಗಳ ಹಿಂದೆ ಹಲಗೆಗಳನ್ನು ಅಡ್ಡಲಾಗಿ ಕೊಟ್ಟು ಮಣ್ಣನ್ನು ತಡೆಯುವುದೂ ಇದೆ. ಹಾಗೆ ತತ್ಕಾಲಕ್ಕೆಂದು ನಿಲ್ಲಿಸಿದ ಗೋಡೆ ಹತ್ತು ಹನ್ನೆರಡು ವರ್ಷ ನಿಂತೇಬಿಡುತ್ತದೆ. ಆಮೇಲೆ ಒಂದು ದಿನ ಅದು ಕೆಳಗಿನ ಅಂಗಳದ ಕಡೆಗೆ ಬಾಗಿರುವುದು ಕಣ್ಣಿಗೆ ಬೀಳುತ್ತದೆ. ಆ ಅಂಗಳದಲ್ಲಿ ಮಕ್ಕಳು ಆಡುತ್ತಿರುತ್ತಾರೆ.

ಇದು ಸಣ್ಣ ವಿಷಯವೆಂದು ವಾಚಕರು ತಿಳಿಯಬಾರದು. 2019ರ ಡಿಸೆಂಬರ್ 2ರ ನಸುಕಿನಲ್ಲಿ ತಮಿಳುನಾಡಿನ ಮೇಟ್ಟುಪಾಳಯಂ ಬಳಿಯ ನಡೂರಿನಲ್ಲಿ ಸುಮಾರು 20 ಅಡಿ ಎತ್ತರದ ಕಲ್ಲಿನ ಗೋಡೆಯೊಂದು ಮಳೆಯಲ್ಲಿ ನೆನೆದು ಪಕ್ಕದ ಬಡವರ ಮನೆಗಳ ಮೇಲೆ ಕುಸಿಯಿತು. ಮಲಗಿದ್ದ 17 ಮಂದಿ ಪ್ರಾಣ ಬಿಟ್ಟರು. ಆ ಗೋಡೆಯ ಬಗೆಗೆ ಅಲ್ಲಿಯವರು ಮೊದಲೇ ದೂರು ಹೇಳಿಕೊಂಡಿದ್ದರೆಂದು ಆಗ ವರದಿಯಾಗಿದ್ದಿತು. ನಮ್ಮ ಹಿತ್ತಿಲ ಗೋಡೆ ಅದರ ಐದನೆಯ ಒಂದು ಪಾಲಿನಷ್ಟು ಎತ್ತರವಿರಬಹುದು. ಆದರೂ ಬೀಳುವ ರೀತಿ ಒಂದೇ.

ಬಾಗಿದ ಗೋಡೆಯನ್ನು ಕಂಡೊಡನೆ ನಾವೆಲ್ಲರೂ ಹೇಳುವ ಮಾತು, ‘ಮರ ಹಳೆಯದಾಯಿತು’ ಎಂದು. ಇದು ಅರ್ಧ ನಿಜ. ಉಳಿದರ್ಧವು ಗೋಡೆಯ ಹಿಂದೆ, ಕಣ್ಣಿಗೆ ಕಾಣದಲ್ಲಿ ಇದೆ. ಅದು ನೀರು.

ದ್ರವದ ಒತ್ತಡವು ಆಳಕ್ಕೆ ತಕ್ಕಂತೆ ಹೆಚ್ಚುವುದೆಂದು ಪ್ರೌಢಶಾಲೆಯ ವಿದ್ಯಾರ್ಥಿಗಳು ಪಾಠದಲ್ಲಿ ಓದಿರುತ್ತಾರೆ. ಮಣ್ಣಿನ ವಿಷಯದಲ್ಲಿಯೂ ಹಾಗೆಯೇ. ಮೇಲ್ತುದಿಯಲ್ಲಿ ಒತ್ತಡ ಏನೂ ಇಲ್ಲ, ಬುಡದಲ್ಲಿ ಅತ್ಯಧಿಕ. ಹೀಗಾಗಿ ಗೋಡೆಯ ಎತ್ತರ ಎರಡರಷ್ಟಾದರೆ ಅದನ್ನು ತಳ್ಳುವ ಬಲ ನಾಲ್ಕರಷ್ಟಾಗುತ್ತದೆ. ಮಣ್ಣಿನ ಈ ತಳ್ಳುವಿಕೆಯನ್ನು ಲೆಕ್ಕಕ್ಕೆ ತಂದವರಲ್ಲಿ ಪ್ರಮುಖನು ಫ್ರೆಂಚ್ ಸೈನ್ಯದ ಇಂಜಿನಿಯರನಾಗಿದ್ದ ಕೂಲಂಬ್. ವಿದ್ಯುತ್ತಿನ ಪಾಠದಲ್ಲಿ ಬರುವ ಕೂಲಂಬನೇ ಈತ. ಕೋಟೆಗಳನ್ನು ಕಟ್ಟಿಸುವಾಗ ಈತನಿಗೆ ಈ ಪ್ರಶ್ನೆ ಎದುರಾಯಿತು. ನಾಲ್ಕು ಅಡಿ ಎತ್ತರದ ಗೋಡೆಯ ಹಿಂದೆ ಒಣಗಿದ ಸಾಧಾರಣ ಮಣ್ಣಿದ್ದರೆ, ಒಂದು ಮೀಟರು ಉದ್ದದ ಗೋಡೆಯ ಮೇಲೆ ಬೀಳುವ ಬಲ ಸುಮಾರು 400 ಕಿಲೋಗ್ರಾಂ ತೂಕದಷ್ಟು. ಅದೇ ಮಣ್ಣಿನಲ್ಲಿ ಮೇಲ್ತುದಿಯವರೆಗೆ ನೀರು ನಿಂತರೆ ಅದು 950 ಕಿಲೋಗ್ರಾಮಿನ ಹತ್ತಿರಕ್ಕೆ ಏರುತ್ತದೆ. ಗೋಡೆಯೂ ಮಣ್ಣೂ ಅವೇ ಇದ್ದು, ಒಂದೇ ರಾತ್ರಿಯಲ್ಲಿ ಹೊರೆ ಎರಡರಷ್ಟಕ್ಕೂ ಮಿಗಿಲಾಗುವುದು.

ಮಳೆಯೇ ಇಲ್ಲದ ನಮ್ಮ ಸೀಮೆಯಲ್ಲಿ ನೀರಿನ ಭಯವೇನು ಎಂದು ಕೆಲವರು ಕೇಳಬಹುದು. ಅನಂತಪುರದ ಸೀಮೆಗೆ ವರ್ಷಕ್ಕೆ ಬರುವುದು ಸರಾಸರಿ 550 ಮಿಲಿಮೀಟರಿನಷ್ಟು ಮಳೆ ಮಾತ್ರ. ಆದರೆ ಅದು ಹಂಚಿಕೊಂಡು ಬರುವುದಿಲ್ಲ. ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳ ಕೆಲವೇ ದಿನಗಳಲ್ಲಿ ದೊಡ್ಡ ಪಾಲು ಸುರಿದುಬಿಡುತ್ತದೆ. ಅದಕ್ಕೆ ಮೊದಲು ತಿಂಗಳುಗಟ್ಟಲೆ ಬಿಸಿಲಿಗೆ ಮಣ್ಣು ಒಣಗಿ, ಗೋಡೆಗೂ ಮಣ್ಣಿಗೂ ನಡುವೆ ಬಿರುಕು ಬಿಟ್ಟಿರುತ್ತದೆ. ಎರೆಮಣ್ಣಾದರೆ ಕೈ ಇಳಿಯುವಷ್ಟು. ಮೊದಲ ಜಡಿಮಳೆಯ ನೀರು ನೇರವಾಗಿ ಆ ಬಿರುಕಿಗೇ ಇಳಿಯುತ್ತದೆ. ಇದರ ಮೇಲೆ ಮಿದ್ದೆಯ ನೀರು ಬೇರೆ. 30 ಅಡಿ ಉದ್ದ, 20 ಅಡಿ ಅಗಲದ ಒಂದು ಮಾಳಿಗೆಯ ಮೇಲೆ 50 ಮಿಲಿಮೀಟರು ಮಳೆ ಬಿದ್ದರೆ ಅದು ಸುಮಾರು 2,800 ಲೀಟರು, ಎಂದರೆ ಇನ್ನೂರು ಕೊಡ ನೀರು. ದೋಣಿಯ ಬಾಯಿ ಹಿತ್ತಿಲ ಕಡೆಗೆ ಇದ್ದರೆ ಆ ಇನ್ನೂರು ಕೊಡಗಳೂ ತಡೆಗೋಡೆಯ ಬೆನ್ನಿಗೇ ಹೋಗುತ್ತವೆ. ಕೆರೆಗೆ ಕೋಡಿ ಇಡದೆ ಏರಿ ಹಾಕುವವರು ನಮ್ಮಲ್ಲಿ ಯಾರೂ ಇಲ್ಲ. ಹಿತ್ತಿಲಲ್ಲಿ ಮಾತ್ರ ಕೋಡಿಯಿಲ್ಲದ ಕೆರೆಯನ್ನು ಕಟ್ಟಿ, ಅದು ಒಡೆದಾಗ ಮರವನ್ನು ಬೈಯುತ್ತೇವೆ.

ಇನ್ನು ಮರದ ಪಾಲಿನ ತಪ್ಪನ್ನು ನೋಡೋಣ. ಕಂಬವು ತುದಿಯಲ್ಲಿ ಕೊಳೆಯುವುದಿಲ್ಲ, ಆಳದಲ್ಲಿಯೂ ಅಷ್ಟಾಗಿ ಕೊಳೆಯುವುದಿಲ್ಲ. ನೆಲದ ಮಟ್ಟದಲ್ಲಿ, ಗಾಳಿಯೂ ತೇವವೂ ಕೂಡುವೆಡೆಯಲ್ಲಿ ಕೊಳೆಯುತ್ತದೆ. ಗೆದ್ದಲಿಗೂ ಅದೇ ಬಾಗಿಲು. ಬಲ ಹೆಚ್ಚು ಬೇಕಾದುದೂ ಅಲ್ಲಿಯೇ. ಬಡಗಿಗಳು ಚೇಗು ಎಂದು ಕರೆಯುವ ಮರದ ಒಳತಿರುಳು ಬಹುಕಾಲ ಬಾಳುತ್ತದೆ. ಹೊರಗಿನ ಬಿಳಿಯ ಭಾಗವು ಹುಳುವಿಗೆ ಆಹಾರ. ಬೇಲಿಯ ಬಳ್ಳಾರಿಜಾಲಿಯಿಂದ ಕಡಿದ ತೋಳಿನ ಗಾತ್ರದ ಕಂಬದಲ್ಲಿ ಚೇಗು ಬಹಳ ಕಡಿಮೆಯಾದುದರಿಂದ ಈ ಕೆಲಸಕ್ಕೆ ಅದು ತಕ್ಕುದಲ್ಲ. ಕಂಬದ ಬುಡಕ್ಕೆ ಸುತ್ತಲೂ ಕಾಂಕ್ರೀಟು ಸುರಿದರೆ ಮರ ಉಳಿಯುವುದೆಂಬ ನಂಬಿಕೆಯೊಂದಿದೆ. ಆ ಕಾಂಕ್ರೀಟು ಬಟ್ಟಲಿನಂತೆ ನೀರು ಹಿಡಿದರೆ ಮರ ಬೇಗನೆ ಕೊಳೆಯುವುದು. ಗುಣಿಯ ತಳದಲ್ಲಿ ಜಲ್ಲಿ ಹಾಕಿ ನೀರು ಇಂಗುವಂತೆ ಮಾಡಿ, ಮೇಲುಭಾಗವನ್ನು ಹೊರಕ್ಕೆ ಇಳಿಜಾರು ಮಾಡಿದರೆ ಮಾತ್ರ ಕಾಂಕ್ರೀಟಿನಿಂದ ಪ್ರಯೋಜನ. ಯಂತ್ರಗಳ ಕರಿ ಎಣ್ಣೆಯನ್ನು ಬಳಿಯುವುದೂ ಬೇಡ. ಅದು ಮರದೊಳಕ್ಕೆ ಇಳಿಯುವುದಕ್ಕಿಂತ ಹೆಚ್ಚಾಗಿ ಬಾವಿಯೊಳಕ್ಕೆ ಇಳಿಯುತ್ತದೆ. ರೈಲು ಹಳಿಯಿಂದ ತೆಗೆದ ಹಳೆಯ ಸ್ಲೀಪರುಗಳಿಗೆ ಹಾಕಿರುವ ಕ್ರಿಯೋಸೋಟು ಎಣ್ಣೆಯೂ ವಿಷವೇ. ಮಕ್ಕಳು ಕೈಯಿಡುವೆಡೆಯಲ್ಲಿ ಅವನ್ನು ಬಳಸಬಾರದು, ಅವುಗಳ ಚೂರನ್ನು ಒಲೆಗೆ ಹಾಕಲೇಬಾರದು.

ಗೋಡೆ ಯಾವ ಸ್ಥಿತಿಯಲ್ಲಿದೆಯೆಂದು ತಿಳಿಯುವುದು ಹುಡುಗರಿಗೂ ಸಾಧ್ಯವಾದ ಕೆಲಸ. ಗೋಡೆಯ ತುದಿಗೆ ಸೇರಿಸಿದ ಚಿಕ್ಕ ಕೋಲಿನಿಂದ ದಾರಕ್ಕೆ ಕಟ್ಟಿದ ಗುಂಡನ್ನು ಇಳಿಬಿಟ್ಟು, ಬುಡದಲ್ಲಿ ಗೋಡೆಗೂ ದಾರಕ್ಕೂ ಇರುವ ಅಂತರವನ್ನು ಅಳೆದು ತಾರೀಖಿನೊಡನೆ ಬರೆದಿಡಬೇಕು. ವಾರಕ್ಕೊಮ್ಮೆ ಅಳೆದಾಗ ಅಂತರ ಹಾಗೆಯೇ ಇದ್ದರೆ ಗೋಡೆ ಬಾಗಿ ನಿಂತಿದೆ ಎಂದರ್ಥ; ಹೆಚ್ಚುತ್ತಿದ್ದರೆ ಇನ್ನೂ ಬೀಳುತ್ತಿದೆ ಎಂದರ್ಥ. ಇವೆರಡಕ್ಕೂ ಬಹಳ ವ್ಯತ್ಯಾಸವಿದೆ. ಅಂತರ ಹೆಚ್ಚುತ್ತಿದೆಯೆಂದು ಕಂಡ ದಿನದಿಂದ ಅಳತೆ ಹುಡುಗರ ಕೆಲಸವಲ್ಲ. ಅವರನ್ನು ಆ ಕಡೆಗೆ ಬಿಡಬಾರದು. ಮೇಲಿನ ಹಿತ್ತಿಲಲ್ಲಿ ಗೋಡೆಗೆ ಸಮಾನಾಂತರವಾಗಿ ನೆಲ ಬಿರಿದಿದೆಯೇ ಎಂದು ದೊಡ್ಡವರು ನೋಡಬೇಕು. ಕಂಬದ ಬುಡವನ್ನು ಕಬ್ಬಿಣದ ಸಲಾಕಿಯಿಂದ ಚುಚ್ಚಿದಾಗ ಅದು ಮೆತ್ತಗೆ ಒಳಕ್ಕೆ ಹೋದರೆ ಕಂಬದ ಆಯುಸ್ಸು ಮುಗಿದಂತೆಯೇ.

ಆಮೇಲೆ ಬರುವುದು ಕಷ್ಟದ ಭಾಗ: ನೆರೆಯವರೊಡನೆ ಮಾತು. ಗೋಡೆ ಯಾರದು, ಖರ್ಚು ಯಾರದು ಎಂಬ ವಾದದಲ್ಲಿ ಎರಡು ಮಳೆಗಾಲ ಕಳೆದುಹೋಗುವುದುಂಟು. ಇದಕ್ಕೊಂದು ಹಳೆಯ ಕಾಯಿದೆಯ ಬೆಳಕಿದೆ. 1882ರ ಭಾರತೀಯ ಈಸ್‌ಮೆಂಟ್ ಕಾಯಿದೆಯು ಮೊದಲು ಜಾರಿಗೆ ಬಂದದ್ದೇ ಮದರಾಸು, ಮಧ್ಯಪ್ರಾಂತ, ಕೊಡಗು ಇವುಗಳಲ್ಲಿ. ಆಗ ಮದರಾಸಿಗೆ ಸೇರಿದ್ದ ನಮ್ಮ ಎರಡು ತಾಲ್ಲೂಕುಗಳಿಗೂ ಅದು ಅಂದೇ ಬಂದಿತು. (ಅನಂತಪುರವು ಬಳ್ಳಾರಿಯಿಂದ ಬೇರೆ ಜಿಲ್ಲೆಯಾದುದೂ 1882ರಲ್ಲಿಯೇ. ರಾಯದುರ್ಗವು 1953ರಲ್ಲಿ ಬಳ್ಳಾರಿಯನ್ನು ಬಿಟ್ಟು ಅನಂತಪುರಕ್ಕೆ ಸೇರಿತು. ಮಡಕಶಿರವು 2022ರಲ್ಲಿ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು. ಜಿಲ್ಲೆಯ ಗಡಿ ಇಷ್ಟು ಸಲ ಕದಲಿದರೂ ಹಿತ್ತಿಲ ಗಡಿಯ ನ್ಯಾಯ ಕದಲಲಿಲ್ಲ.) ನೆಲವು ತನ್ನ ಸಹಜಸ್ಥಿತಿಯಲ್ಲಿರುವಾಗ ಪಕ್ಕದ ನೆಲದಿಂದ ಸಹಜವಾಗಿ ದೊರೆಯುವ ಆಸರೆಯು ಪ್ರತಿಯೊಬ್ಬ ಭೂಮಾಲಿಕನ ಹಕ್ಕೆಂದು ಅದರ 7ನೆಯ ಪ್ರಕರಣದ ಉದಾಹರಣೆಗಳಲ್ಲಿ ಹೇಳಿದೆ. ಮೇಲಿನ ನೆಲದಲ್ಲಿ ಸಹಜವಾಗಿ ಬಿದ್ದ ನೀರು ಸಹಜವಾಗಿ ಕೆಳಕ್ಕೆ ಹರಿಯುವುದನ್ನು ಕೆಳಗಿನವರು ತಡೆಯಲಾಗದೆಂದೂ ಅಲ್ಲಿಯೇ ಇದೆ. ‘ಸಹಜ’ ಎಂಬ ಮಾತೇ ಇಲ್ಲಿ ಮುಖ್ಯ. ಕೆಳಗಿನವರು ಅಂಗಳವನ್ನು ಮಟ್ಟ ಮಾಡಲು ಇಳಿಜಾರನ್ನು ಕಡಿದಿದ್ದರೆ ಆಸರೆಯನ್ನು ತೆಗೆದವರು ಅವರು. ಮೇಲಿನವರು ಮಣ್ಣು ತುಂಬಿ ಹಿತ್ತಿಲನ್ನು ಎತ್ತರಿಸಿದ್ದರೆ, ಅಥವಾ ಮಾಳಿಗೆಯ ನೀರನ್ನು ಕೂಡಿಸಿ ಒಂದೆಡೆ ಬಿಟ್ಟಿದ್ದರೆ, ಅದು ಸಹಜವಲ್ಲ.

ಇದನ್ನು ಕಂಡುಕೊಳ್ಳುವುದೂ ಕಷ್ಟವಲ್ಲ. ಗೋಡೆಯ ಹಿಂದೆ ಒಂದು ಗುಣಿ ತೋಡಿದರೆ, ತುಂಬಿದ ಮಣ್ಣಿನಲ್ಲಿ ಬೂದಿ, ಮಡಕೆಯ ಚೂರು, ಹೆಂಚಿನ ತುಂಡು ಬೆರೆತಿರುತ್ತವೆ. ಹುಟ್ಟುನೆಲ ಒಂದೇ ಬಣ್ಣದ್ದಾಗಿ ಗಟ್ಟಿಯಾಗಿರುತ್ತದೆ. ಎರಡು ಮನೆಯವರೂ ಆ ಗುಣಿಯ ಬಳಿ ನಿಂತು ನೋಡಿದರೆ ಅರ್ಧ ಜಗಳ ಅಲ್ಲಿಯೇ ತೀರುವುದೆಂದು ನಮಗೆ ತೋರುತ್ತದೆ. ಕೊನೆಯ ನಿರ್ಣಯವನ್ನು ಬಲ್ಲ ವಕೀಲರಿಗೆ ಬಿಡೋಣ. ಮೇಲಿನವರು ತೆಲುಗಿನಲ್ಲಿ ‘ಗೋಡ’ ಎಂದರೂ ಕೆಳಗಿನವರು ಕನ್ನಡದಲ್ಲಿ ‘ಗೋಡೆ’ ಎಂದರೂ ವಸ್ತು ಒಂದೇ. ಇಬ್ಬರ ಒಪ್ಪಿಗೆಯಿಲ್ಲದೆ ರಿಪೇರಿ ಆಗುವಂತೆಯೇ ಇಲ್ಲವೆಂಬುದು ಮುಂದೆ ಗೊತ್ತಾಗುವುದು.

ರಿಪೇರಿಗೆ ತಕ್ಕ ಕಾಲ ಬೇಸಗೆ. ಮೊದಲು ಗೋಡೆಯ ಬೆನ್ನ ಮೇಲಿನ ಹೊರೆಯನ್ನು, ಎಂದರೆ ಹುಲ್ಲಿನ ಬಣವೆ, ಸೌದೆ, ನೀರಿನ ತೊಟ್ಟಿ, ಇಟ್ಟಿಗೆಯ ರಾಶಿ ಇವನ್ನು ದೂರ ಸಾಗಿಸಬೇಕು. ಆಮೇಲೆ ಕೆಳಗಿನ ಅಂಗಳದಿಂದ ಓರೆಯಾಗಿ ಊರೆಗಂಬಗಳನ್ನು ಕೊಡಬೇಕು. ಊರೆಯ ಕಾಲು ಬರಿಯ ಮಣ್ಣಿನ ಮೇಲೆ ಇರದೆ ಅಗಲವಾದ ಹಲಗೆಯ ಮೇಲೆ ನಿಂತು, ಅದರ ಹಿಂದೆ ಗೂಟ ಹೊಡೆದಿರಬೇಕು. ಗೋಡೆಯ ಬುಡದಲ್ಲಿ ಚರಂಡಿ ತೋಡುವುದು ದೊಡ್ಡ ತಪ್ಪು. ಕಂಬದ ಮುಂದಿರುವ ಆ ಮಣ್ಣೇ ಅದರ ಕಾಲನ್ನು ಹಿಡಿದಿರುವುದು. ಜಾಕಿ ಹಾಕಿ ಗೋಡೆಯನ್ನು ಹಿಂದಕ್ಕೆ ನೂಕುವುದೂ ವ್ಯರ್ಥ; ಹಿಂದೆ ಮಣ್ಣಿರುವಾಗ ಅದು ಹೋಗಲಾರದು, ಹಲಗೆ ಮುರಿಯುವುದಷ್ಟೆ. ಹಿಂದಿನ ಮಣ್ಣನ್ನು ಮೇಲಿನಿಂದ ತೆಗೆಯುತ್ತಾ, ಒಂದು ಸಲಕ್ಕೆ ಎರಡು ಕಂಬಗಳ ನಡುವಣ ಭಾಗವನ್ನು ಮಾತ್ರ ಬಿಚ್ಚಿ, ಅದನ್ನು ಮುಗಿಸಿದ ಮೇಲೆ ಮುಂದಿನದಕ್ಕೆ ಹೋಗಬೇಕು.

ನಾಲ್ಕು ಅಡಿಯ ಗೋಡೆಗೆ ಆರು ಅಂಗುಲ ಚೌಕದ ಗಟ್ಟಿಮರದ ಕಂಬಗಳು ನಾಲ್ಕು ಅಡಿಗೊಂದರಂತೆ ಇರಲಿ. ಮೇಲೆ ಎಷ್ಟು ಎತ್ತರವೋ ನೆಲದೊಳಗೂ ಅಷ್ಟೇ ಆಳ. ಇದರಲ್ಲಿ ಜಿಪುಣತನ ಮಾಡಿದ ಗೋಡೆಗಳೇ ಹೆಚ್ಚಾಗಿ ಬಾಗುವುದು. ಕಂಬವನ್ನು ಮಣ್ಣಿನ ಕಡೆಗೆ ತುಸು ಒರಗಿಸಿ ನೆಡಬೇಕು. ಬಂಡೆ ಅಡ್ಡಬಂದು ಅಷ್ಟು ಆಳ ಸಿಕ್ಕದಿದ್ದರೆ, ನಮ್ಮ ಕಡೆ ಹೀಗಾಗುವುದು ಸಾಮಾನ್ಯ, ಹೂತ ಲಂಗರನ್ನು ಉಪಯೋಗಿಸುತ್ತಾರೆ. ಕಂಬದ ಮೇಲುಭಾಗದಿಂದ ಸತುವಿನ ಲೇಪ ಕೊಟ್ಟ ಕಬ್ಬಿಣದ ಸಲಾಕಿಯೊಂದನ್ನು ಹಿಂದಕ್ಕೆ ಒಯ್ದು, ಮೇಲಿನ ಹಿತ್ತಿಲಲ್ಲಿ ಹೂತಿರುವ ಕಲ್ಲುಚಪ್ಪಡಿಗೆ ಬಿಗಿಯುವುದು. ಆ ಚಪ್ಪಡಿ ಗೋಡೆಯ ಹತ್ತಿರದಲ್ಲಿದ್ದರೆ ಜಾರುವ ಮಣ್ಣಿನೊಡನೆ ತಾನೂ ಜಾರುತ್ತದೆ. ಗೋಡೆಯ ಎತ್ತರದ ಎರಡರಷ್ಟು ದೂರದಲ್ಲಿ, ಅಲುಗದ ಹುಟ್ಟುನೆಲದಲ್ಲಿ ಅದು ಇರತಕ್ಕದ್ದು. ಹೀಗೆ ಕೆಳಗಿನವರ ಗೋಡೆಯ ಲಂಗರು ಮೇಲಿನವರ ನೆಲದಲ್ಲಿಯೂ, ಮೇಲಿನವರ ಹಿತ್ತಿಲಿನ ಊರೆ ಕೆಳಗಿನವರ ಅಂಗಳದಲ್ಲಿಯೂ ನಿಲ್ಲಬೇಕಾಗುತ್ತದೆ. ಒಪ್ಪಿಗೆಯ ಮಾತನ್ನು ಮೊದಲೇ ಎತ್ತಿದುದು ಇದಕ್ಕಾಗಿಯೇ. ಅದನ್ನು ಕಾಗದದ ಮೇಲೆ ಬರೆದು ಇಬ್ಬರೂ ಸಹಿ ಹಾಕಿದರೆ, ಮುಂದೆ ಅಲ್ಲಿ ಗುಣಿ ತೋಡುವವರಿಗೂ ಅನುಕೂಲ.

ಎಲ್ಲಕ್ಕಿಂತ ಮುಖ್ಯವಾದುದು ಕೋಡಿ. ಹಲಗೆಗಳ ಹಿಂದೆ ಒಂದು ಅಡಿ ಅಗಲಕ್ಕೆ ಜಲ್ಲಿ ತುಂಬಿ, ಮಣ್ಣಿಗೂ ಜಲ್ಲಿಗೂ ನಡುವೆ ನೀರು ಸೋಸುವ ಬಟ್ಟೆ ಹಾಸಬೇಕು. ಇಲ್ಲವಾದರೆ ನುಣ್ಣನೆಯ ಮಣ್ಣು ಬಂದು ಜಲ್ಲಿ ಕಟ್ಟಿಕೊಳ್ಳುತ್ತದೆ. ಬುಡದಲ್ಲಿ ನಾಲ್ಕೈದು ಅಡಿಗೊಂದು ರಂಧ್ರವಿರಲಿ. ಜಲ್ಲಿಯ ಮೇಲೆ ಒಂದು ಗೇಣು ಜೇಡಿಮಣ್ಣನ್ನು ದಮ್ಮಸು ಮಾಡಿ, ಮೇಲಿನ ನೀರು ಗೋಡೆಯಿಂದ ದೂರ ಹರಿಯುವಂತೆ ಇಳಿಜಾರು ಕೊಡಬೇಕು. ತೆಗೆದ ಎರೆಮಣ್ಣನ್ನೇ ಮತ್ತೆ ಹಿಂದೆ ತುಂಬಬಾರದು. ನೆನೆದಾಗ ಅದು ಉಬ್ಬಿ ಗೋಡೆಯನ್ನು ತಳ್ಳುವುದು. ಮಾಳಿಗೆಯ ದೋಣಿಯನ್ನು ಬೀದಿಯ ಚರಂಡಿಗೆ ತಿರುಗಿಸಲು ಒಂದು ಕೊಳವೆ ಸಾಕು. ಈ ಖರ್ಚು ಉಳಿದೆಲ್ಲದಕ್ಕಿಂತ ಕಡಿಮೆ, ಪ್ರಯೋಜನ ಎಲ್ಲಕ್ಕಿಂತ ಹೆಚ್ಚು.

ಹಣ ಒದಗುವವರು ಮರವನ್ನು ಬಿಟ್ಟು ಕಲ್ಲಿಗೆ ಹೋಗುವುದೇ ಲೇಸೆಂದು ನಮ್ಮ ಅಭಿಪ್ರಾಯ. ಗಾರೆಯಿಲ್ಲದ ಕಲ್ಲುಕಟ್ಟಡದ ಸಂದುಗಳೆಲ್ಲ ಕೋಡಿಗಳೇ. ಹಳೆಯ ಕೋಟೆಗಳಲ್ಲಿ ಅಂಥ ಗೋಡೆಗಳು ಉಳಿದು ಬಂದಿರುವುದರಲ್ಲಿ ಇದರ ಪಾಲೂ ಇದೆ. ತಳದ ಅಗಲವು ಎತ್ತರದ ಅರ್ಧಕ್ಕೆ ಕಡಿಮೆಯಿರದೆ, ಮುಖವು ಹಿಂದಕ್ಕೆ ಒರಗಿ, ಅಲ್ಲಲ್ಲಿ ಗೋಡೆಯ ಪೂರ್ತಿ ದಪ್ಪಕ್ಕೆ ಹಾಯುವ ಉದ್ದಕಲ್ಲುಗಳಿರಬೇಕು. ಮರದ ಕಂಬದ ಬದಲಿಗೆ ಬೇಲಿಯ ಕಲ್ಲುಕಂಬವನ್ನು ನೆಟ್ಟು ಚಪ್ಪಡಿ ಒರಗಿಸುವವರಿಗೆ ಒಂದು ಎಚ್ಚರಿಕೆ: ಕಲ್ಲು ಹೊರೆಯನ್ನು ಹೊರುವುದರಲ್ಲಿ ಶೂರ, ಬಾಗುವುದರಲ್ಲಿ ಅಲ್ಲ. ಮರ ಬಾಗುತ್ತಾ, ಕಿರ್ರೆನ್ನುತ್ತಾ ಮುನ್ಸೂಚನೆ ಕೊಡುತ್ತದೆ. ಕಲ್ಲುಕಂಬ ಒಮ್ಮೆಗೇ ಮುರಿಯುತ್ತದೆ. ಗೋಡೆ ನಾಲ್ಕೈದು ಅಡಿಗಿಂತ ಎತ್ತರವಾಗಿದ್ದರೆ, ಅಥವಾ ಮೇಲಿನ ಮನೆಯ ತಳಪಾಯವು ಗೋಡೆಯ ಎತ್ತರದಷ್ಟು ದೂರದೊಳಗೇ ಇದ್ದರೆ, ನಮ್ಮ ಈ ಬರಹವನ್ನು ಬದಿಗಿಟ್ಟು ಇಂಜಿನಿಯರರನ್ನು ಕರೆಯಿಸತಕ್ಕದ್ದು.

ರಿಪೇರಿಯಾದ ಮೇಲೆ ಬರುವ ಮೊದಲ ದೊಡ್ಡ ಮಳೆಯ ಮರುದಿನ ರಂಧ್ರಗಳನ್ನು ನೋಡಬೇಕು. ತಿಳಿನೀರು ಬರುತ್ತಿದ್ದರೆ ಕೆಲಸ ಸರಿಯಾಗಿದೆ. ಕೆಲವು ದಿನವಾದರೂ ಕೆಸರುನೀರೇ ಬರುತ್ತಿದ್ದರೆ ಒಳಗೆ ಬಟ್ಟೆ ಹರಿದು ಮಣ್ಣು ಕೊಚ್ಚಿಹೋಗುತ್ತಿದೆ. ಆ ಭಾಗವನ್ನು ಬಿಚ್ಚಿ ಸರಿಪಡಿಸಬೇಕು. ಎಲ್ಲ ಕಡೆಯೂ ನೆನೆದು ಒಂದು ರಂಧ್ರ ಮಾತ್ರ ಒಣಗಿಯೇ ಇದ್ದರೆ ಅದು ಕಟ್ಟಿಕೊಂಡಿದೆ. ಸಲಾಕಿ ಹಾಕಿ ಬಿಡಿಸಬೇಕು. ಇದನ್ನು ಪ್ರತಿ ವರ್ಷವೂ ಸೆಪ್ಟೆಂಬರಿಗೆ ಮೊದಲು ಒಂದು ಸಲ, ಮಳೆ ಹಿಡಿದ ಮೇಲೆ ಇನ್ನೊಂದು ಸಲ ನೋಡಿಕೊಂಡರೆ ಸಾಕು.