ವಿಶ್ವದ ಆದಿಯಲ್ಲಿ ಗುಳ್ಳೆಗಳಿದ್ದವೇ?

ಹುಳಿಯಾರು, ತಿಪಟೂರುಗಳ ತೆಂಗಿನ ಸೀಮೆಯವರಿಗೆ ಧನುರ್ಮಾಸದ ಮುಂಜಾನೆ ಸೀಸೆಯ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟುವುದು ಹೊಸ ನೋಟವೇನಲ್ಲ. ಹೆಪ್ಪುಗಟ್ಟುವ ಬಗೆಯನ್ನು ತಾಳ್ಮೆಯಿಂದ ನೋಡಿದವರು ಮಾತ್ರ ವಿರಳ. ಈ ಎಣ್ಣೆ ಕರಗುವ ಉಷ್ಣತೆ ಸುಮಾರು 24 ಡಿಗ್ರಿ ಸೆಂಟಿಗ್ರೇಡ್. ಅದಕ್ಕಿಂತ ತಣ್ಣಗಾದೊಡನೆಯೇ ಇಡೀ ಸೀಸೆ ಬೆಳ್ಳಗಾಗದು. ಕೆಲಕಾಲ ತಿಳಿಯಾಗಿಯೇ ಇದ್ದು, ಬಳಿಕ ಅಲ್ಲಲ್ಲಿ ಬಿಳಿಯ ಕಣಗಳು ಮೂಡುತ್ತವೆ. ಅವು ಬೆಳೆದು ಒಂದನ್ನೊಂದು ಕೂಡಿಕೊಳ್ಳುತ್ತವೆ.

ಈ ವಿಳಂಬಕ್ಕೆ ಕಾರಣವುಂಟು. ಹೊಸ ಅವಸ್ಥೆಯ ತುಣುಕೊಂದು ಹುಟ್ಟಿದಾಗ ಅದರ ಒಡಲಿನಲ್ಲಿ ಶಕ್ತಿ ಉಳಿತಾಯವಾಗುತ್ತದೆ. ಮೇಲ್ಮೈಯನ್ನು ಕಟ್ಟುವುದಕ್ಕೆ ವೆಚ್ಚವಾಗುತ್ತದೆ. ಉಳಿತಾಯವು ತ್ರಿಜ್ಯದ ಘನದಂತೆಯೂ ವೆಚ್ಚವು ವರ್ಗದಂತೆಯೂ ಏರುವುದರಿಂದ ತೀರ ಚಿಕ್ಕ ತುಣುಕಿಗೆ ನಷ್ಟವೇ ಹೆಚ್ಚು, ಅದು ಅಳಿಯುತ್ತದೆ. ಒಂದು ಗೊತ್ತಾದ ಗಾತ್ರವನ್ನು ದಾಟಿದ್ದು ಬೆಳೆಯುತ್ತದೆ. ಕುದಿಯುವ ನೀರಿನ ಗುಳ್ಳೆಗೂ ಇದೇ ಲೆಕ್ಕ.

ಇದೇ ಲೆಕ್ಕವನ್ನು ವಿಜ್ಞಾನಿಗಳು ವಿಶ್ವಕ್ಕೂ ಹಾಕಿ ನೋಡಿದ್ದಾರೆ. ವಿಶ್ವ ಹುಟ್ಟಿ ಒಂದು ಸೆಕೆಂಡಿನ ಹತ್ತು ಸಾವಿರ ಕೋಟಿಯಲ್ಲೊಂದು ಪಾಲಿನಷ್ಟು ಕಾಲ ಕಳೆದಾಗ ಅದರ ಉಷ್ಣತೆ 10 ಕೋಟಿ ಕೋಟಿ ಡಿಗ್ರಿಗೂ ಮಿಗಿಲಾಗಿತ್ತು. ಅದು ತಣಿಯುತ್ತಿದ್ದಂತೆ ಹಿಗ್ಸ್ ಕ್ಷೇತ್ರವು ಎಲ್ಲೆಡೆ ನೆಲೆಗೊಂಡು, ಎಲೆಕ್ಟ್ರಾನು ಮೊದಲಾದ ಮೂಲಕಣಗಳು ದ್ರವ್ಯರಾಶಿಯನ್ನು ಪಡೆದವು. ಆಗ ಗುಳ್ಳೆಗಳು ಮೂಡಿದ್ದರೆ ಅವುಗಳ ಗೋಡೆಗಳು ಬೆಳಕಿನ ವೇಗದ ಸಮೀಪಕ್ಕೂ ಏರಿ, ಒಂದಕ್ಕೊಂದು ಬಡಿದು, ಆಕಾಶವನ್ನೇ ನಡುಗಿಸಬಹುದಾಗಿತ್ತು.

ಗುಳ್ಳೆಗಳ ಮೇಲೆ ಇಷ್ಟು ಆಸ್ಥೆ ಏಕೆ? ದ್ರವ್ಯವೂ ಪ್ರತಿದ್ರವ್ಯವೂ ಸಮಸಮವಾಗಿದ್ದರೆ ಎರಡೂ ಪರಸ್ಪರ ಕೂಡಿ ಅಳಿದು, ತೆಂಗೂ ಇರುತ್ತಿರಲಿಲ್ಲ, ನಾವೂ ಇರುತ್ತಿರಲಿಲ್ಲ. ದ್ರವ್ಯ ಮಿಗಬೇಕಾದರೆ ಸಮತೋಲ ತಪ್ಪಿದ ಗಳಿಗೆಯೊಂದು ಬೇಕೆಂದು ಆಂದ್ರೇ ಸಖಾರೋವ್ 1967ರಲ್ಲಿ ತೋರಿಸಿದರು. ಮುನ್ನುಗ್ಗುವ ಗುಳ್ಳೆಯ ಗೋಡೆಯಲ್ಲಿ ಅಂತಹ ಗಳಿಗೆ ಒದಗುತ್ತದೆ.

ಆದರೆ ತೊಡಕೊಂದಿದೆ. ಹಿಗ್ಸ್ ಕಣವು ಪ್ರೋಟಾನಿಗಿಂತ ಸುಮಾರು 80 ಪಟ್ಟಿಗೂ ಹೆಚ್ಚು ಭಾರವಾಗಿದ್ದರೆ ಗುಳ್ಳೆಗಳೇ ಮೂಡವೆಂದು 1996ರಲ್ಲಿ ಕಾಯಾಂಟಿಯೆ ಮತ್ತು ಸಂಗಡಿಗರ ಗಣನೆ ತಿಳಿಸಿತು. 2012ರಲ್ಲಿ ಜಿನೀವದ ಬಳಿ ಕಣ ಸಿಕ್ಕಿತು. ಅದರ ಭಾರ 133 ಪಟ್ಟು! ಈಗ ತಿಳಿದಿರುವ ನಿಯಮಗಳಷ್ಟೇ ಸತ್ಯವಾದರೆ, ಕಾದ ಅರಗು ಆರುತ್ತ ಮೆಲ್ಲಮೆಲ್ಲನೆ ಗಟ್ಟಿಯಾಗುವಂತೆ ವಿಶ್ವವೂ ಸದ್ದಿಲ್ಲದೆ ಮಾರ್ಪಟ್ಟಿರಬೇಕು. ಇನ್ನೂ ಕಾಣದ ಕಣಗಳಿದ್ದರೆ ಲೆಕ್ಕ ಬದಲಾದೀತು. ಈ ಲೇಖಕನ ಒಲವು ಆ ಕಡೆಗೇ.

ಗುಳ್ಳೆಗಳು ಬಡಿದಿದ್ದರೆ ಅದರ ನಡುಕ ಗುರುತ್ವದ ಅಲೆಗಳಾಗಿ ಇಂದಿಗೂ ಉಳಿದಿರಬೇಕು. ಅವನ್ನು ಅರಸಬಲ್ಲ ‘ಲೀಸಾ’ ಯೋಜನೆಗೆ ಯೂರೋಪಿನ ಅಂತರಿಕ್ಷ ಸಂಸ್ಥೆ 2024ರ ಜನವರಿಯಲ್ಲಿ ಒಪ್ಪಿಗೆಯಿತ್ತಿತು. ಪರಸ್ಪರ 25 ಲಕ್ಷ ಕಿಲೋಮೀಟರು ದೂರದಲ್ಲಿ ಸಾಗುವ ಮೂರು ನೌಕೆಗಳನ್ನು 2035ರ ಸುಮಾರಿಗೆ ಹಾರಿಸುವ ಉದ್ದೇಶವಿದೆ. ವಿಶ್ವ ಅರಗಿನಂತೆ ತಣಿದಿದ್ದರೆ, ಆ ಗಳಿಗೆಯಿಂದ ಅವುಗಳಿಗೆ ಏನೂ ಕೇಳಿಸದು.