ಕೇಳುವ ಕಿವಿಯ ದಣಿವು

ಕಳೆದ ಶ್ರಾವಣದಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮನೆಗೆ ಬಂದಿದ್ದಳು. ಮನಶ್ಶಾಸ್ತ್ರವನ್ನು ಓದಿ, ಆಪ್ತಸಮಾಲೋಚಕಿಯಾಗಿ, ಆರು ವರ್ಷಗಳಿಂದ ಒಂದು ಸಹಾಯವಾಣಿಯಲ್ಲಿ ದುಡಿಯುತ್ತಿರುವವಳು. ಕಾಫಿ ಆರಿಹೋಗುವವರೆಗೂ ಲೋಟವನ್ನು ಹಿಡಿದೇ ಕುಳಿತಿದ್ದು, ಕಡೆಗೆ ಹೇಳಿದಳು:

"ಸಾರ್, ಮೊನ್ನೆ ಅಮ್ಮ ಊರಿನಿಂದ ಫೋನು ಮಾಡಿ, ದೊಡ್ಡಮ್ಮ ತೀರಿಕೊಂಡರು ಎಂದು ಅತ್ತಳು. ನಾನು, 'ನಿಮಗೆ ಬಹಳ ಕಷ್ಟವಾಗುತ್ತಿರಬೇಕು, ಹೇಳಿ, ನಾನು ಕೇಳುತ್ತಿದ್ದೇನೆ' ಎಂದುಬಿಟ್ಟೆ. ಅಮ್ಮನಿಗೆ ಎಂದೂ ಬಹುವಚನ ಆಡಿದವಳಲ್ಲ. ಆ ಕಡೆ ಅಳುವೇ ನಿಂತುಹೋಯಿತು."

ನನಗೆ ಥಟ್ಟನೆ ಮಾತು ಹೊರಡಲಿಲ್ಲ. ಮೂವತ್ತು ವರ್ಷ ಈ ಶಾಸ್ತ್ರವನ್ನು ಪಾಠ ಹೇಳಿದವನು ನಾನು. ರೋಗಿಯ ಮನಸ್ಸಿನ ಪದರಗಳನ್ನೆಲ್ಲ ಹಲಗೆಯ ಮೇಲೆ ಬಿಡಿಸಿದ್ದೆ. ಎದುರಿಗೆ ಕುಳಿತು ಕೇಳುವವರ ಮನಸ್ಸಿಗಾಗಿ ಒಂದು ಗಂಟೆಯನ್ನೂ ಮೀಸಲಿಟ್ಟಿರಲಿಲ್ಲ. ಬಡಗಿಯ ಉಳಿ ಮೊಂಡಾದರೆ ಸಾಣೆ ಹಿಡಿಯಬಹುದು. ಈ ಕಸುಬಿನಲ್ಲಿ ಕೆಲಸಗಾರನ ಮನಸ್ಸೇ ಉಳಿ.

ಈ ದಣಿವಿಗೆ 'ಬರ್ನ್‌ಔಟ್' ಎಂಬ ಹೆಸರನ್ನು ಶಾಸ್ತ್ರದೊಳಕ್ಕೆ ತಂದವರು ಹರ್ಬರ್ಟ್ ಫ್ರಾಯ್ಡನ್‌ಬರ್ಗರ್. 1926ರಲ್ಲಿ ಫ್ರಾಂಕ್‌ಫರ್ಟಿನಲ್ಲಿ ಹುಟ್ಟಿ, ನಾಜಿಗಳ ಕಾಲದಲ್ಲಿ ಬಾಲಕನಾಗಿದ್ದಾಗಲೇ ಅಮೆರಿಕಕ್ಕೆ ಪಾರಾದ ಯಹೂದಿ. ನ್ಯೂಯಾರ್ಕಿನಲ್ಲಿ ಹಗಲೆಲ್ಲ ತಮ್ಮ ರೋಗಿಗಳನ್ನು ನೋಡಿ, ಸಂಜೆಯಾದ ಮೇಲೆ ಮಾದಕವಸ್ತುಗಳಿಗೆ ಬಲಿಯಾದ ತರುಣರ ಉಚಿತ ಚಿಕಿತ್ಸಾಲಯಕ್ಕೆ ಹೋಗುತ್ತಿದ್ದರು. ಆ ಪದವೂ ಅಲ್ಲಿನ ವ್ಯಸನಿಗಳ ಬೀದಿಮಾತೇ. ಸಂಸಾರದೊಡನೆ ಪ್ರವಾಸ ಹೊರಡಬೇಕಾಗಿದ್ದ ದಿನ ಅವರಿಗೆ ಹಾಸಿಗೆಯಿಂದ ಏಳಲಾಗಲಿಲ್ಲವಂತೆ. ಆಮೇಲೆ ಧ್ವನಿಮುದ್ರಣ ಯಂತ್ರದ ಮುಂದೆ ಕುಳಿತು ಮನಸ್ಸಿನಲ್ಲಿದ್ದುದನ್ನೆಲ್ಲ ಆಡಿ, ಅದನ್ನು ಬೇರೆ ಯಾರೋ ರೋಗಿಯ ಮಾತೆಂಬಂತೆ ಕೇಳಿದರಂತೆ. ಅವರ ಪ್ರಸಿದ್ಧ ಲೇಖನ ಹೊರಬಂದುದು 1974ರಲ್ಲಿ. ನನ್ನನ್ನು ಕಾಡುವುದು ಆ ಯಂತ್ರ. ಅಷ್ಟು ಜನರ ಗೋಳನ್ನು ಕೇಳಿದವರಿಗೆ ತಮ್ಮ ಮಾತಿಗೆ ಕಿವಿಗೊಡಲು ಒಂದು ಯಂತ್ರವೇ ಬೇಕಾಯಿತೆ?

ಫ್ರಾಯ್ಡ್ 1937ರಲ್ಲಿಯೇ ಎಚ್ಚರಿಸಿದ್ದರು: ವಿಶ್ಲೇಷಕನಾದವನು ಐದು ವರ್ಷಕ್ಕೊಮ್ಮೆಯಾದರೂ ನಾಚದೆ ತಾನೇ ವಿಶ್ಲೇಷಣೆಗೆ ಒಳಗಾಗಬೇಕೆಂದು. ನಮ್ಮಲ್ಲಿ ಕೊಡುವ ಸಲಹೆ ಬೇರೆ: ಮುಂಜಾನೆ ಅಡ್ಡಾಡಿ, ಯೋಗ ಮಾಡಿ, ಮನಸ್ಸನ್ನು ಗಟ್ಟಿ ಮಾಡಿಕೊಳ್ಳಿ. ಅದು ತಪ್ಪಲ್ಲ. ಆದರೆ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಈ ಬಳಲಿಕೆಯನ್ನು ರೋಗವೆನ್ನದೆ, ಉದ್ಯೋಗಕ್ಕೆ ಅಂಟಿದ ವಿದ್ಯಮಾನವೆಂದು ಕರೆದಿದೆ. ಅಂದಮೇಲೆ ಹೊಣೆಯೆಲ್ಲವನ್ನೂ ಬಳಲಿದವರ ತಲೆಗೇ ಕಟ್ಟುವುದು ಯಾವ ನ್ಯಾಯ?

'ಕೊರವಂಜಿ'ಯ ರಾಶಿಯವರೂ ವೈದ್ಯರೇ ಅಲ್ಲವೆ? 'ಮನಮಂಥನ'ಕ್ಕೆ 1976ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ಡಾ. ಎಂ. ಶಿವರಾಂ, 1942ರಿಂದ ಇಪ್ಪತ್ತೈದು ವರ್ಷ ನಾಡನ್ನು ನಗಿಸಿದರು. ನರಳಾಟ ಕೇಳಿದ ಕಿವಿಗೆ ಆ ನಗೆಯೇ ಮದ್ದಾಗಿತ್ತೋ ಏನೋ. ಇದು ನನ್ನ ಊಹೆ ಮಾತ್ರ.

"ನಿನ್ನ ಮಾತನ್ನು ಕೇಳುವವರು ಯಾರಮ್ಮ?" ಎಂದೆ.

"ತಿಂಗಳಿಗೊಮ್ಮೆ ಮೇಲ್ವಿಚಾರಣೆ ಇದೆ ಸಾರ್. ಎಷ್ಟು ಕರೆ ತೆಗೆದುಕೊಂಡೆ ಎಂದು ಕೇಳುತ್ತಾರೆ."

ಮೇಲ್ವಿಚಾರಣೆ! ಆ ಪದದಲ್ಲಿಯೇ ಲೆಕ್ಕದ ಪುಸ್ತಕದ ವಾಸನೆ. ಈ ಕಸುಬಿನಲ್ಲಿ ಅದರ ಅರ್ಥ ಬೇರೆ: ಹಿರಿಯರೊಬ್ಬರ ಎದುರಿಗೆ ಕುಳಿತು, ಇಂದು ಯಾವ ಅಳು ನನ್ನನ್ನು ನಾಟಿತು, ಯಾವುದು ನಾಟಲೇ ಇಲ್ಲ ಎಂದು ನಿಸ್ಸಂಕೋಚವಾಗಿ ಹೇಳಿಕೊಳ್ಳುವುದು.

ಈಗ ಎರಡು ವಾರಕ್ಕೊಮ್ಮೆ, ಶನಿವಾರ ಸಂಜೆ, ಅವಳೂ ಇಬ್ಬರು ಸಹೋದ್ಯೋಗಿಗಳೂ ನಮ್ಮ ಜಗಲಿಗೆ ಬರುತ್ತಾರೆ. ಕರೆ ಮಾಡಿದವರ ಹೆಸರಾಗಲಿ ಊರಾಗಲಿ ಅಲ್ಲಿ ಬರಕೂಡದು. ಉಪದೇಶವೂ ಕೂಡದು, ಈ ನಿಯಮವನ್ನು ಮುರಿಯುವವನು ಹೆಚ್ಚಾಗಿ ನಾನೇ. ಮೊದಲ ಎರಡು ಸಲ ಅವಳು ಬಾಯಿಬಿಡಲಿಲ್ಲ. ಮೂರನೆಯ ಸಲ ಸುಮ್ಮನೆ ಅತ್ತಳು. ಯಾರೂ ಸಮಾಧಾನ ಹೇಳಲಿಲ್ಲ.

ಕಳೆದ ಶನಿವಾರ ಹೊರಟಾಗ ಗೇಟಿನ ಬಳಿ ನಿಂತು ಫೋನು ಮಾಡುತ್ತಿದ್ದಳು. ಕದ್ದು ಕೇಳಿದೆನೆಂದು ಒಪ್ಪಿಕೊಳ್ಳುತ್ತೇನೆ. "ಅಮ್ಮಾ, ಊಟ ಆಯ್ತೇನೇ? ಏನು ಹುಳಿ ಮಾಡಿದ್ದೀಯ?"